ನಂದಿಕೆರೆಗೆ ಹೋದ ನಾಲ್ಕು ಸೈಕಲ್ಲು

ಪಾರ್ವತವ್ವ ಬಂದು ಗುರುಶಾಂತವ್ವನವರ ಪಡಸಾಲೆಯ ಕಂಬಕ್ಕೆ ಒರಗಿ ಕೂತಾಗ ನೂರ್ ಅಹ್ಮದ್ ಎದ್ದು ಹೊರಡಲು ನೋಡಿದ. ಮಗನನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬದ ತಾಯಿಯ ಎದುರು ಚಹಾದ ಬಸಿ ಹಿಡಿದು ಕೂರುವುದು ಅವನಿಗೆ ಸರಿಕಾಣಲಿಲ್ಲ. ಆದರೆ ಗುರುಶಾಂತವ್ವ ಕಣ್ಣಲ್ಲೇ ಕೂರು ಎಂದರು. ಅವರು ಕಣ್ಣಲ್ಲಿ ಹೇಳಿದ್ದನ್ನು ಮೀರುವ ಗಂಡಸು ಶಿರಸಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಗುರುಶಾಂತವ್ವ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಊರಿಗೆಲ್ಲ ಅವರು ಅಕ್ಕೋರು. ಅಷ್ಟು ವರ್ಷ ಹುಡುಗಿಯರ ಸುಳ್ಳು ಕೇಳಿ ಕೇಳಿ ಅವರ ಕಿವಿ ಎಷ್ಟು ಪಳಗಿತ್ತೆಂದರೆ, ದೊಡ್ಮನೆಯಲ್ಲಿ ಸರ ಕಳುವಾದರೂ ವಜ್ರಳ್ಳಿಯಲ್ಲಿ ಎಮ್ಮೆಗೆ ವಿಷ ಬಿದ್ದರೂ ಜನ ಫೌಜದಾರರಿಗಿಂತ ಮೊದಲು ಅಕ್ಕೋರ ಮನೆಯ ಕದ ತಟ್ಟುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ನೂರ್ ಅಹ್ಮದ್ ದಿನಾ ಮಧ್ಯಾಹ್ನ ಅವರಿಗೆ ಪೇಪರು ತಂದುಕೊಡುತ್ತಿದ್ದ. ಅವನ ಹೆಂಡತಿ ಸಾಲೇಹಾ ಅವರ ಕೈಯಲ್ಲೇ ಕಲಿತವಳು. ಹೀಗೆ ಪೇಪರು ಕೊಡಲು ಬಂದವನು ಅಕ್ಕೋರ ಪ್ರತಿಯೊಂದು ಪತ್ತೆಯಲ್ಲೂ ಜೊತೆಗಾರನಾಗಿ ಓಡಾಡುವಂತಾಗಿತ್ತು.

"ಅಕ್ಕೋರ," ಎಂದಳು ಪಾರ್ವತವ್ವ ಕೊನೆಗೆ. "ನನ್ನ ಮಗ ತಾನಾಗೇ ಜೀವಾ ಕಳಕೊಂಡನೇನ್ರಿ? ಇದೊಂದು ನೋಡಿ ಹೇಳ್ರಿ. ಹೌದಂದ್ರೂ ತಡಕೋತೀನಿ. ಗೊತ್ತಿಲ್ಲದ್ದನ್ನ ತಡಕೊಳ್ಳಾಕ ಆಗವಲ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು ಎಂದುಕೊಂಡ ನೂರ್ ಅಹ್ಮದ್.

ಸತ್ತವನು ಸಂಗಯ್ಯ, ಊರೊಳಗಿನ ಗಾಂವಠಾಣ ಶಾಲೆಯ ಮಾಸ್ತರ, ಪಾರ್ವತವ್ವನಿಗೆ ಒಬ್ಬನೇ ಮಗ. ಅವನೂ ಅವನ ಮೂವರು ಗೆಳೆಯರೂ ಶನಿವಾರ ಮಧ್ಯಾಹ್ನ ಸೈಕಲ್ ಕ್ಯಾರಿಯರಿಗೆ ಕಂಬಳಿ, ಕಿಟ್ಲಿ, ತಾಡಪತ್ರಿ ಬಿಗಿದುಕೊಂಡು ಬನವಾಸಿ ಕಡೆಯ ನಂದಿಕೆರೆಗೆ ಹೋಗುತ್ತಿದ್ದರು. ಕೆರೆಯ ದಂಡೆಯಲ್ಲಿ ತಾಡಪತ್ರಿ ಕಟ್ಟಿ, ಅಡುಗೆ ಮಾಡಿ ಉಂಡು, ಅಲ್ಲೇ ಮಲಗಿ ಭಾನುವಾರ ಸಂಜೆ ಮರಳುತ್ತಿದ್ದರು. ಮನೆ ಇದ್ದೂ ಬಯಲಲ್ಲಿ ಮಲಗುವ ಈ ಹುಚ್ಚಿಗೆ ಪೇಟೆಯವರು ನಗುತ್ತ ಕೆರೆ ಮಂಡಳಿ ಎಂದು ಹೆಸರಿಟ್ಟಿದ್ದರು. ಸಂಗಯ್ಯನನ್ನು ಬಿಟ್ಟರೆ ಅದರಲ್ಲಿದ್ದವರು ಜವಳಿ ಅಂಗಡಿಯ ಶಿವಲಿಂಗಪ್ಪ, ಕಚೇರಿಯಲ್ಲಿ ಗುಮಾಸ್ತನಾಗಿದ್ದ ಚಂದ್ರಶೇಖರಪ್ಪ, ಮತ್ತೆ ಲಾರಿ ಓಡಿಸುವ ಗನಿ. ಗನಿ ಸಾಲೇಹಾಳ ತಮ್ಮ.

ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ, ಭಾನುವಾರ ಬೆಳಿಗ್ಗೆ ಸಂಗಯ್ಯ ಕೆರೆಯ ತೂಬಿನ ಹತ್ತಿರ ಹೆಣವಾಗಿ ಸಿಕ್ಕ. ಸ್ನಾನಕ್ಕೆ ಇಳಿದು ಕಾಲು ಜಾರಿರಬೇಕು ಎಂದು ಮೊದಲು ಎಲ್ಲರೂ ಅಂದರು. ಆದರೆ ದಂಡೆಯ ಚಪ್ಪಟೆ ಕಲ್ಲಿನ ಮೇಲೆ ವಿಭೂತಿ ಗಟ್ಟಿ, ಏರಿಸಿ ತೆಗೆದ ಬಿಲ್ವಪತ್ರಿ, ಹಿಂಡಿ ಹರವಿದ ಒದ್ದೆ ಪಂಜೆ ಇದ್ದವು. ಸಂಗಯ್ಯ ಅಯ್ಯನವರ ಮನೆತನದವನು. ಸ್ನಾನವಾಗಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಪೂಜೆ ಮುಗಿದಿದೆ ಎಂದರೆ ಸ್ನಾನವೂ ಮುಗಿದಿದೆ ಎಂದೇ ಲೆಕ್ಕ. ಮತ್ತೆ ಮಡಿಪಂಜೆಯಲ್ಲೇ ನೀರಿಗೆ ಯಾಕೆ ಇಳಿದ? ಆಗ ಜನರಿಗೆ ಎರಡು ವಾರದ ಹಿಂದಷ್ಟೇ ಹಾವೇರಿ ಕಡೆಯ ಹೆಣ್ಣಿನ ಮನೆಯವರು ನಿಶ್ಚಯ ಮುರಿದಿದ್ದು ನೆನಪಾಯಿತು. ಶಿವನಿಗೆ ಕೈಮುಗಿದು ಕೆರೆಗೆ ಹಾರಿಕೊಂಡ ಎಂದು ಊರು ತೀರ್ಮಾನಿಸಿತು. ಆದರೆ ಇನ್ನೂ ಕೆಲವರು ದನಿ ತಗ್ಗಿಸಿ ಗನಿಯ ಹೆಸರು ಹೇಳುತ್ತಿದ್ದರು. ಹಿಂದಿನ ಸಂಜೆ ಅವನಿಗೂ ಸಂಗಯ್ಯನಿಗೂ ಜೋರು ಮಾತಾಗಿತ್ತಂತೆ.

"ನಿಶ್ಚಯ ಮುರದಿದ್ದಕ್ಕ ಬ್ಯಾಸರ ಮಾಡಿಕೊಂಡಿದ್ದನೇನು?" ಗುರುಶಾಂತವ್ವ ಕೇಳಿದರು.

"ಎರಡ ದಿನ ಮಾರಿ ಸಣ್ಣದು ಮಾಡಿದ್ದರಿ. ಆಮ್ಯಾಲೆ ಅವನೇ ನನಗ ಸಮಾಧಾನ ಹೇಳಿದ. ಆದ್ರ ಮಕ್ಕಳ ಹೊಟ್ಟಿಯಾಗ ಏನಿರತೈತಿ ಅಂತ ತಾಯಿಗೆ ಪೂರಾ ತಿಳೀತೈತೇನ್ರಿ?" ಪಾರ್ವತವ್ವ ಸೆರಗಿನ ಗಂಟು ಬಿಚ್ಚಿ ಒಂದು ದಾರ ತೆಗೆದಳು. "ಅವನದು ಅಂತ ಇದೊಂದು ಉಳದೈತಿ. ಲಿಂಗದ ಕರಡಿಗಿ ಅವನ ಕೊರಳಾಗೇ ಇತ್ತು. ಮಣ್ಣಿಗಿಡುವಾಗ ಲಿಂಗಾನ ಅಂಗೈಯಾಗ ಇಟ್ಟು ಕಳಿಸಿದ್ವಿ. ಕರಡಿಗಿ ಕಟ್ಟಿದ್ದ ಶಿವದಾರ ನಾ ಇಟಗೊಂಡೆ."

ಅದು ನುಣುಪಾದ ಬಿಳಿ ರೇಷ್ಮೆಯ ದಾರ. ಗುರುಶಾಂತವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನೀ ಹೊಸೆದದ್ದೇನವ್ವಾ ಇದು?"

"ಅಲ್ರಿ. ನಾ ಶಿವರಾತ್ರಿಗೊಮ್ಮೆ ಹತ್ತಿ ಅರಳಿದಾರ ಹೊಸೆದು ಕೊಡ್ತಿದ್ದೆ, ನಡುವ ಒಂದೆಳಿ ಕೆಂಪು ಹಾಕಿ. ಈ ಸಲಾನೂ ಕೊಟ್ಟಿದ್ದೆ. ಪ್ಯಾಟ್ಯಾಗ ಚಂದ ಕಂಡು ಇದನ್ನ ಕೊಂಡಿರಬೇಕು." ಅವಳ ದನಿ ಸಣ್ಣದಾಯಿತು. "ನಾ ಹೊಸೆದದ್ದು ಬ್ಯಾಡಾಗಿತ್ತೋ ಏನೋ."

ಗುರುಶಾಂತವ್ವ ಆ ದಾರವನ್ನು ಎರಡು ದಿನಕ್ಕೆ ಎಂದು ಕೇಳಿ ಇಸಿದುಕೊಂಡರು. ಪಾರ್ವತವ್ವ ಹೋದ ಮೇಲೆ, "ನಾಳೆ ನಿನ್ನ ಭಾವಮೈದುನನ ಲಾರಿ ಬನವಾಸಿ ಕಡೆ ಹೋಗತೈತೇನು?" ಎಂದು ಕೇಳಿದರು.

"ಅಕ್ಕೋರೆ, ನೀವು ಲಾರಿ ಹತ್ತೋದ?"

"ಹತ್ತಾಕ ಸ್ಟೂಲು ಇಡು. ನಾನೇನು ಮೈಸೂರ ಮಹಾರಾಣಿ ಅಲ್ಲ."

ಮರುದಿನ ಲಾರಿಯ ಮುಂದಿನ ಸೀಟಿನಲ್ಲಿ ಗುರುಶಾಂತವ್ವ ತರಗತಿಯಲ್ಲಿ ಕೂತ ಹಾಗೆಯೇ ನೆಟ್ಟಗೆ ಕೂತಿದ್ದರು. ಗನಿ ಸ್ಟೇರಿಂಗ್ ಹಿಡಿದು ರಸ್ತೆಯ ಮೇಲೆ ಕಣ್ಣಿಟ್ಟೇ ಮಾತಾಡಿದ. ತಿಂಗಳಲ್ಲಿ ಹುಡುಗ ಸೊರಗಿಹೋಗಿದ್ದ.

"ಜಗಳ ಆಗಿದ್ದು ಖರೆ ಅಕ್ಕೋರೆ. ಕೆರೆ ಏರಿ ಮೇಲೆ ಕಾಲುದಾರಿ ಉಂಟಲ್ಲ, ಅದು ಬಹಳ ಸಣ್ಣದು, ಒಂದು ಬದಿ ನೀರು. ಅದರ ಮೇಲೆ ಸೈಕಲ್ ಬಿಟ್ಟುಕೊಂಡು ತೂಬಿನ ತನಕ ಹೋಗಿ ಬರೋದು ನಮ್ಮ ಆಟ. ಶಿವಲಿಂಗ ಒಬ್ಬ ಹತ್ತತಿರಲಿಲ್ಲ, ದೂಡಿಕೊಂಡು ಬರ್ತಿದ್ದ. ಅವನಿಗೆ ಈಜು ಬರೋದಿಲ್ಲ. ಆ ಸಂಜೆ ನಾನೂ ಚಂದ್ರಶೇಖರನೂ ಅವನಿಗೆ ಸೀರೆ ಉಟ್ಟುಕೋ ಅಂತ ಬಹಳ ಕಾಡಿಸಿದ್ವಿ. ಸಂಗಯ್ಯ ಮಾಸ್ತರಿಗೆ ಸಿಟ್ಟು ಬಂತು. ನನಗೆ ಬೈದ. ನಾನೂ ಬೈದೆ. ಅಷ್ಟೇ." ಅವನು ಕಣ್ಣೊರೆಸಿಕೊಂಡ. "ನಸುಕಿನಾಗೆ ಎದ್ದು ಹಾಲು ತರೋಕೆ ಹಳ್ಳಿಗೆ ಹೋದೆ. ಬೈದದ್ದಕ್ಕೆ ಅವನಿಗೆ ಇಷ್ಟ ಅಂತ ಗಿಣ್ಣನ್ನೂ ಕೇಳಿ ತಂದೆ. ಬಂದು ನೋಡಿದ್ರೆ ಹೀಗೆ. ಹೆಣ ದಂಡೆಗೆ ತಂದದ್ದು ಕಂಡಿದ್ದೇ ನಾನು ಸೈಕಲ್ ಹತ್ತಿ ಶಿರಸಿಗೆ ಓಡಿದೆ, ಮನೆಗೆ ಹೇಳೋಕೆ."

ನಂದಿಕೆರೆಯ ನೀರು ಗಾಳಿಯಿಲ್ಲದೆ ಸುಮ್ಮನೆ ಬಿದ್ದುಕೊಂಡಿತ್ತು. ಗದ್ದೆಗೆ ನೀರು ಬಿಡುವ ನೀರಗಂಟಿ ಕೆರಿಯಪ್ಪ ತೂಬಿನ ಬಳಿ ಕೂತು ಬೀಡಿ ಸೇದುತ್ತಿದ್ದವನು ಅಕ್ಕೋರನ್ನು ಕಂಡು ಅದನ್ನು ಹಿಂದಕ್ಕೆ ಬಚ್ಚಿಟ್ಟ. ಆ ದಿನ ಕೆರೆಗೆ ಬರುವಾಗ ಗನಿ ಹಳ್ಳಿಯಲ್ಲಿ ಹಾಲಿಗೆ ಕಾಯುತ್ತ ನಿಂತಿದ್ದನ್ನು ತಾನೇ ಕಂಡಿದ್ದೆ ಎಂದ. ಪೂಜೆಯ ಕಲ್ಲು ತೂಬಿನಿಂದ ಕೂಗಳತೆಯೂ ಅಲ್ಲ, ಹತ್ತಿಪ್ಪತ್ತು ಹೆಜ್ಜೆ. ತಾಡಪತ್ರಿ ಕಟ್ಟುತ್ತಿದ್ದ ಮಾವಿನ ಮರವೂ ಕೂಗಿದರೆ ಕೇಳುವಷ್ಟೇ ದೂರ.

"ನೀರಿನಿಂದ ಎಳದವನು ನೀನೇ ಅಲ್ಲೇನಪ್ಪಾ?"

"ಹೌದ್ರಿ ಅವ್ವಾರ. ಆ ಇಬ್ಬರೂ ಗೆಳೆಯಾರು ದಂಡ್ಯಾಗ ಹುಡಕಾಡಾಕ ಹತ್ತಿದ್ರು, ಇಬ್ಬರೂ ತೊಯ್ದಿದ್ರು. ತೂಬಿನ ಬಾಯಾಗ ನನಗ ಕಂಡ. ಹಿಡಕೊಳ್ಳಾಕ ಏನೂ ಸಿಗವಲ್ತು. ಕೊರಳಿಗೆ ಕೈ ಹಾಕಿದ್ರ ಬರೇ ಮೈ, ಜಾರತಿತ್ತು. ಕೂದಲ ಹಿಡದು ಎಳದೆ." ಕೆರಿಯಪ್ಪ ತಲೆ ತಗ್ಗಿಸಿದ. "ಅಯ್ನೋರ ಮಗಾನ್ನ ಹಂಗ ಎಳೀಬಾರದಿತ್ತು."

"ಆಮ್ಯಾಲೆ?"

"ನಾ ಮಂದೀನ ಕರಿಯಾಕ ಓಡಿದೆ. ಅವರಿಬ್ಬರೂ ಹೆಣದ ಹಂತೇಕ ಇದ್ರು. ನಾ ತಿರುಗಿ ಬಂದಾಗ ಒಬ್ಬಾಂವ ಕಂಬಳಿ ತರಾಕ ಹೋಗಿದ್ದ, ಒಬ್ಬಾಂವ ಹೆಣಾನ್ನ ತಬ್ಬಿಕೊಂಡು ಅಳತಿದ್ದ. ಯಾರು ಯಾರು ಅಂತ ನನಗ ತಿಳೀಲಿಲ್ರಿ. ಇಬ್ಬರೂ ಬರೇ ಚಡ್ಡಿ ಮ್ಯಾಲಿದ್ರು, ನೋಡಾಕ ಒಂದೇ ಥರ."

ಹಿಂದಿರುಗುವಾಗ ಗುರುಶಾಂತವ್ವ ದಾರಿಯುದ್ದಕ್ಕೂ ಆ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಪತ್ತೆಯ ಎಳೆ ಸಿಕ್ಕಾಗಿನ ಅವರ ಮುಖ ನೂರ್ ಅಹ್ಮದನಿಗೆ ಗೊತ್ತಿತ್ತು. ಸಾಮಾನ್ಯವಾಗಿ ಅದರಲ್ಲಿ ಒಂದು ಹುರುಪು ಇರುತ್ತಿತ್ತು. ಈ ಸಲ ಇರಲಿಲ್ಲ.

ಸಂಜೆ ಅವರು ಅವನ ಅಂಗಡಿಯ ಬೆಂಚಿನ ಮೇಲೆ ಕೂತರು. ಪಾರ್ವತವ್ವನ ಮನೆಯ ಓಣಿ ಎದುರಿಗೇ ಇತ್ತು. ಶಿವಲಿಂಗಪ್ಪ ಹೆಗಲ ಮೇಲೆ ಕೊಡವಿಟ್ಟುಕೊಂಡು ಆ ಓಣಿಗೆ ಹೋಗುತ್ತಿದ್ದ. ಮಗ ಹೋದಂದಿನಿಂದ ಎರಡು ಹೊತ್ತೂ ಬಾವಿಯಿಂದ ಆ ಮನೆಗೆ ನೀರು ತರುವವನು ಅವನೇ. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದ್ದರೂ ಕುತ್ತಿಗೆಗೆ ಟವೆಲು ಬಿಗಿಯಾಗಿ ಸುತ್ತಿಕೊಂಡಿದ್ದ.

"ಅಂಥ ಮಗ ನಮಗೂ ಇರಬೇಕು ಅಂತಾಳೆ ಸಾಲೇಹಾ," ಎಂದ ನೂರ್ ಅಹ್ಮದ್. "ಪಾಪ, ಸೈಕಲ್ ಕೂಡ ಮಾರಿಬಿಡು ಅಂತ ಇಲ್ಲೇ ಬಿಟ್ಟಿದ್ದಾನೆ. ಇನ್ನು ಹತ್ತೋದಿಲ್ಲವಂತೆ. ಅಲ್ಲ ಅಕ್ಕೋರೆ, ಕೆರೆಯಲ್ಲಿ ತೊಳೆದೆ ಅಂದ, ಹಾಗೂ ತೊಳೀತಾರಾ? ದೀಪದ ಗಾಜು ಬಿಚ್ಚಿದ್ರೆ ಒಳಗೆ ಪಾಚಿ ಉಂಟು. ಸೀಟಿನ ಹೊಟ್ಟೆಯಿಂದ ಕೆಸರು ಬಂತು."

ಗುರುಶಾಂತವ್ವ ಎದ್ದು ಹೋಗಿ ಆ ದೀಪವನ್ನು ಕೈಗೆತ್ತಿಕೊಂಡು ನೋಡಿದರು. ಅಷ್ಟರಲ್ಲಿ ಕಚೇರಿ ಬಿಟ್ಟು ಬರುತ್ತಿದ್ದ ಚಂದ್ರಶೇಖರಪ್ಪ ಅವರನ್ನು ಕಂಡು ನಿಂತ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಕೊರಳಲ್ಲಿ ಲಿಂಗದ ಕರಡಿಗೆಯ ಬೆಳ್ಳಿ ಸರಪಳಿ ಕಾಣುತ್ತಿತ್ತು.

"ನಮ್ಮಜ್ಜನದು, ಹುಟ್ಟಿದಾಗಿಂದ ಇದೇ ಸರಪಳಿ," ಎಂದ ಅಕ್ಕೋರು ಕೇಳಿದ್ದಕ್ಕೆ. ಆಮೇಲೆ ತಾನಾಗಿಯೇ, "ನಾನು ಆ ದಿನ ಹೊತ್ತೇರೋ ತನಕ ಮಲಗಿದ್ದೆ ಅಕ್ಕೋರೆ. ಸಂಗಯ್ಯ ಕಾಣೋದಿಲ್ಲ ಅಂತ ಶಿವಲಿಂಗ ಎಬ್ಬಿಸಿದ. ಒಂದು ಕೂಗು ಕೇಳಿದ್ದರೆ ಸಾಕಿತ್ತು. ನನಗೆ ಈಜು ಬರ್ತದೆ. ಒಂದೇ ಒಂದು ಕೂಗು," ಎಂದು ಮುಖ ತಿರುಗಿಸಿಕೊಂಡ.

ಸೋಮವಾರ ಸಂಜೆ ಪಾರ್ವತವ್ವನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಗುರುಶಾಂತವ್ವ ಕರೆಸಿದ್ದರು. ಮೂವರು ಗೆಳೆಯರು ಗೋಡೆಗೆ ಒರಗಿ ಕೂತರು, ನೂರ್ ಅಹ್ಮದ್ ಬಾಗಿಲ ಬಳಿ. ಗೂಟಕ್ಕೆ ಸಂಗಯ್ಯನ ಕೋಟು ಇನ್ನೂ ನೇತಾಡುತ್ತಿತ್ತು. ಅದರ ಜೇಬಿನಲ್ಲಿ ಸೀಮೆಸುಣ್ಣದ ತುಂಡಿನ ಗುರುತು.

"ಪಾರ್ವತವ್ವಾ, ಮೊದಲು ನಿನ್ನ ಪ್ರಶ್ನೆಗೆ ಉತ್ತರ," ಎಂದರು ಗುರುಶಾಂತವ್ವ. "ನಿನ್ನ ಮಗ ಜೀವಾ ಕಳಕೊಳ್ಳಾಕ ನೀರಿಗೆ ಇಳೀಲಿಲ್ಲ."

ಪಾರ್ವತವ್ವ ನೆಲಕ್ಕೆ ಅಂಗೈ ಊರಿದಳು.

"ಸ್ನಾನಕ್ಕ ಇಳೀಲಿಲ್ಲ ಅಂತ ಪತ್ರಿ, ವಿಭೂತಿ ಹೇಳತಾವ. ಅಷ್ಟಕ್ಕ ಊರು ಸಾಯಾಕೇ ಹೋದ ಅಂತು. ನೀರಿಗೆ ಇಳಿಯಾಕ ಮೂರನೇ ಕಾರಣ ಇರಬಹುದು ಅಂತ ಯಾರಿಗೂ ಹೊಳೀಲಿಲ್ಲ." ಅವರು ತಟ್ಟೆಯಲ್ಲಿ ಆ ರೇಷ್ಮೆ ದಾರವಿಟ್ಟರು. "ಈ ದಾರ ನೋಡ್ರಿ. ತಾಯಿ ಶಿವರಾತ್ರಿಗೆ ಹೊಸೆದು ಕೊಟ್ಟ ದಾರ ಹದಿನೈದು ದಿನದಾಗ ಬದಲಾಗೈತಿ. ಮಗ ಬದಲಿ ಮಾಡಿದನೇನು? ಇಲ್ಲ. ಕೆರಿಯಪ್ಪ ಅವನ್ನ ಎಳಿಯುವಾಗ ಕೊರಳಾಗ ಕೈ ಹಾಕ್ಯಾನ, ಹಿಡಿಯಾಕ ಒಂದು ದಾರಾನೂ ಸಿಕ್ಕಿಲ್ಲ. ಆಗ ಕೊರಳು ಬರಿದು. ಮಣ್ಣಿಗಿಡುವಾಗ ಕೊರಳಾಗ ಕರಡಿಗಿ ಐತಿ, ದಾರ ಮಾತ್ರ ಬ್ಯಾರೆ. ಅಂದ್ರ ದಂಡಿ ಮ್ಯಾಲೆ ಬಂದ ಮ್ಯಾಲೆ ಯಾರೋ ಕಟ್ಯಾರ."

"ಯಾಕೆ?" ಎಂದ ಗನಿ. ಅವನಿಗೆ ನಿಜಕ್ಕೂ ತಿಳಿಯಲಿಲ್ಲ.

"ನೀ ಕೇಳತಿ ತಮ್ಮಾ, ಅದಕ್ಕೇ ಅದು ನೀ ಅಲ್ಲ. ನಮ್ಮ ಪೈಕಿ ಸತ್ತವರು ಮೈಮ್ಯಾಲೆ ಲಿಂಗ ಇಲ್ಲದಂಗ ಮಣ್ಣಿಗೆ ಹೋಗಬಾರದು. ಒಬ್ಬಾಂವನ ಕೈಯಾಗ ಸಂಗಯ್ಯನ ಕರಡಿಗಿ ಇತ್ತು, ಹರಿದ ದಾರದ ಸಮೇತ. ಅದನ್ನ ಕೆರಿಗೆ ಎಸದಿದ್ದರ ಇವತ್ತು ನನ್ನ ಕೈಯಾಗ ಏನೂ ಇರತಿರಲಿಲ್ಲ. ಎಸಿಯಾಕ ಅವನ ಮನಸ್ಸು ಒಪ್ಪಲಿಲ್ಲ. ಹರಿದ ದಾರ ಕಂಡ್ರ ಮಂದಿ ಕೇಳತಾರ ಅಂತ, ತನ್ನ ಶಿವದಾರಾನ ಬಿಚ್ಚಿ ಅದರಾಗ ಗೆಳೆಯನ ಕೊರಳಿಗೆ ಕಟ್ಟಿದ." ಅವರು ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ಹೆಣದ ಹಂತೇಕ ಇದ್ದವರು ಇಬ್ಬರು. ಚಂದ್ರಶೇಖರಪ್ಪಗ ಹುಟ್ಟಿದಾಗಿಂದ ಬೆಳ್ಳಿ ಸರಪಳಿ. ದಾರ ಕೊಡಾಕ ಅವನ ಹಂತೇಕ ದಾರಾನೇ ಇಲ್ಲ."

ಯಾರೂ ಶಿವಲಿಂಗಪ್ಪನ ಕಡೆ ನೋಡಲಿಲ್ಲ. ನೋಡುವುದು ಯಾರಿಗೂ ಬೇಕಿರಲಿಲ್ಲ.

"ಕರಡಿಗಿ ಕೈಗೆ ಹೆಂಗ ಬಂತು ಅನ್ನೂದನ್ನ ಸೈಕಲ್ಲು ಹೇಳತೈತಿ. ದೀಪದ ಗಾಜಿನೊಳಗ ಪಾಚಿ, ಸೀಟಿನೊಳಗ ಕೆಸರು. ತೊಳದ ಸೈಕಲ್ಲಿಗೆ ಹಂಗ ಆಗಾಂಗಿಲ್ಲ. ಅದು ಕೆರಿಗೆ ಬಿದ್ದೈತಿ. ಹಿಂದಿನ ಸಂಜಿ ಹೆದರುಪುಕ್ಕ ಅನ್ನಿಸಿಕೊಂಡವನು ನಸುಕಿನಾಗ, ಯಾರೂ ಏಳೂದಕ್ಕಿಂತ ಮೊದಲು, ಏರಿ ಮ್ಯಾಲೆ ಸೈಕಲ್ ಕಲಿಯಾಕ ಹೋಗ್ಯಾನ. ತೂಬಿನ ಹಂತೇಕ ಬಿದ್ದಾನ. ಈಜು ಬರಾಂಗಿಲ್ಲ. ಕಲ್ಲಿನ ಮ್ಯಾಲೆ ಪೂಜಿ ಮುಗಿಸಿದ ಸಂಗಯ್ಯ ಲಿಂಗಾನ ಕೊರಳಿಗೆ ಹಾಕಿಕೊಂಡು ಮಡಿಪಂಜಿಯಾಗೇ ಹಾರ್ಯಾನ. ಮುಂದಿನದು ನಾ ಹೇಳೂದಲ್ಲ. ಶಿವಲಿಂಗಪ್ಪಾ, ಟವೆಲು ತಗೀ."

ಶಿವಲಿಂಗಪ್ಪ ಟವೆಲು ಬಿಚ್ಚಿದ. ಅವನ ಕರಡಿಗೆ ಅರಳಿದಾರದಲ್ಲಿ ನೇತಾಡುತ್ತಿತ್ತು. ನಡುವೆ ಒಂದೆಳೆ ಕೆಂಪು. ಹರಿದ ಕಡೆ ಗಂಟು ಹಾಕಿತ್ತು.

ಪಾರ್ವತವ್ವನ ಬಾಯಿಂದ ಒಂದು ಸದ್ದು ಹೊರಟಿತು. ನೂರ್ ಅಹ್ಮದ್ ಆಮೇಲೆ ಎಷ್ಟೋ ದಿನ ಅದನ್ನು ಮರೆಯಲಾರದೆ ಹೋದ.

"ಹೆದರಬ್ಯಾಡೋ, ನನ್ನ ಹಿಡಕೋ ಅಂದನವ್ವಾ," ಎಂದ ಶಿವಲಿಂಗಪ್ಪ. "ಹಿಡಕೊಂಡೆ. ಬಿಡಾಕ ಬರಲಿಲ್ಲ. ಅವನ ಹೆಗಲ ಮ್ಯಾಲೆ ಹತ್ತಿದೆ. ಕಾಲಿಗೆ ಕಲ್ಲು ಸಿಕ್ತು, ದಂಡಿಗೆ ಬಂದೆ. ಕೈಯಾಗ ಕರಡಿಗಿ ಇತ್ತು. ಅವ ಇನ್ನೂ ಒಮ್ಮೆ ಮ್ಯಾಲೆ ಬಂದ."

"ಕೂಗಲಿಲ್ಲ ಯಾಕೆ?" ಚಂದ್ರಶೇಖರಪ್ಪ ಚೀರಿದ. "ಅಲ್ಲೇ ಇದ್ದೆನಲ್ಲೋ!"

"ಧ್ವನಿ ಹೊರಡಲಿಲ್ಲ..." ಶಿವಲಿಂಗಪ್ಪ ತಡೆದ. ಗುರುಶಾಂತವ್ವನ ಕಣ್ಣು ಅವನ ಮೇಲಿತ್ತು. "ಇಲ್ಲ. ಸುಳ್ಳು. ಹೊರಡತಿತ್ತು. ನಾ ಮೊದಲು ಸೈಕಲ್ಲು ಎಳದು ದಂಡಿಗೆ ಹಾಕಿದೆ. ನಾ ಬಿದ್ದದ್ದು ನಿಮಗ ಕಾಣಬಾರದು ಅಂತ. ಅವಗ ಈಜು ಬರತೈತಿ, ಬರತಾನ ಅನಕೊಂಡೆ. ತಿರುಗಿ ನೋಡಿದ್ರ ನೀರು ಸುಮ್ಮನಿತ್ತು."

ಗನಿ ತಲೆಯನ್ನು ಮಂಡಿಗಳ ನಡುವೆ ಹುದುಗಿಸಿದ. ಸೀರೆ ಉಟ್ಟುಕೋ ಎಂದ ಮಾತು ಅವನ ಕಿವಿಯಲ್ಲಿ ಇನ್ನು ಎಷ್ಟು ವರ್ಷ ಇರುತ್ತದೋ ಎಂದು ನೂರ್ ಅಹ್ಮದ್ ಮರುಗಿದ.

"ಫೌಜದಾರರ ಮುಂದ, ನಿಶ್ಚಯ ಮುರದಾಗಿಂದ ಬ್ಯಾಸರದಾಗ ಇದ್ದ ಅಂತ ಮೊದಲು ಅಂದವನೂ ನೀನೇ ಅಲ್ಲೇನು?" ಗುರುಶಾಂತವ್ವ ಕೇಳಿದರು. ಅವನು ಹೌದೆಂದು ತಲೆಯಾಡಿಸಿದ. "ನಾಳೆ ಬೆಳಿಗ್ಗೆ ನನ್ನ ಜೋಡಿ ಬಂದು ಅವರಿಗೂ ಇದನ್ನ ಹೇಳತಿ. ಅವರು ಏನು ಮಾಡತಾರೋ ಅವರಿಗೆ ಬಿಟ್ಟದ್ದು."

ಪಾರ್ವತವ್ವ ಎದ್ದು ಬಂದು ಅವನ ಮುಂದೆ ಕೂತಳು. ಹೊಡೆಯುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ತಟ್ಟೆಯ ರೇಷ್ಮೆ ದಾರವನ್ನು ಅವನ ಕೈಯಲ್ಲಿಟ್ಟಳು. ತನ್ನ ದಾರಕ್ಕಾಗಿ ಅಂಗೈ ಚಾಚಿದಳು. ಅವನು ದಾರ ಬದಲಾಯಿಸಿಕೊಳ್ಳುವವರೆಗೆ ಹಾಗೇ ಚಾಚಿಕೊಂಡಿದ್ದಳು. ತಾನು ಹೊಸೆದ ದಾರ ಮಗನಿಗೆ ಬೇಡವಾಗಿರಲಿಲ್ಲ. ಅದನ್ನು ಅವಳು ಮುಖಕ್ಕೆ ಒತ್ತಿಕೊಂಡಳು, ಆಗ ಅತ್ತಳು.

"ಹಿಡಕೋ ಅಂದ, ಹಿಡಕೊಂಡಿ," ಎಂದಳು ಅಳು ನಿಂತ ಮೇಲೆ. "ಅದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ಅವನೇ ಕೈಬಿಟ್ಟು ಹೋದ ಅಂತ ಊರಿಗೆ ಹೇಳಿದಿಯಲ್ಲೋ. ನನ್ನ ಮನಿಗೆ ನೀರು ಹೊತಗೊಂತ, ದಿನಾ ನನ್ನ ಮಾರಿ ನೋಡಕೊಂತ ಅದನ್ನ ಹೆಂಗ ಹೊಟ್ಟಿಯಾಗ ಇಟಗೊಂಡಿದ್ದಿ?"

ಶಿವಲಿಂಗಪ್ಪ ಬಿಚ್ಚಿದ ಟವೆಲನ್ನು ಮಡಿಚಿ ನೆಲಕ್ಕಿಟ್ಟ. "ಅವ್ವಾ, ನಾಳೆ ನೀರು ತರಾಕ ಬರಲೇನು?" ಎಂದ.

"ಮೊದಲು ಊರಿಗೆ ಹೇಳಿ ಬಾ," ಎಂದಳು ಪಾರ್ವತವ್ವ.

ಅವನು ಹೇಳಿದ. ಮರುದಿನ ಫೌಜದಾರರಲ್ಲಿಂದ ಹೊರಬಿದ್ದವನು ಪೇಟೆಯ ಒಂದೊಂದು ಅಂಗಡಿಯ ಮೆಟ್ಟಿಲಿಗೂ ನಿಂತು, ಸಂಗಯ್ಯ ತನ್ನನ್ನು ಉಳಿಸಲು ಹೋಗಿ ಸತ್ತ, ತಾನು ಕೂಗಲಿಲ್ಲ ಎಂದು ಹೇಳುತ್ತ ಹೋದ. ಕೆಲವರು ಬೈದರು. ಅವನ ಅಪ್ಪ ಜವಳಿ ಅಂಗಡಿಯ ಬಾಗಿಲು ಎಳೆದುಕೊಂಡ. ಶಿವಲಿಂಗಪ್ಪ ಸೈಕಲ್ ಅಂಗಡಿಗೂ ಬಂದ. ನೂರ್ ಅಹ್ಮದ್ ಚಕ್ರ ತಿರುವುತ್ತ ಕೂತವನು ತಲೆ ಎತ್ತಲಿಲ್ಲ.

"ಅಕ್ಕೋರೆ, ಅವನನ್ನು ಪಾರ್ವತವ್ವ ಒಳಗೆ ಕರಕೊಳ್ತಾಳಾ?" ಎಂದು ನೂರ್ ಅಹ್ಮದ್ ಮಧ್ಯಾಹ್ನ ಪೇಪರು ಕೊಡುವಾಗ ಕೇಳಿದ.

"ಅದನ್ನ ಪತ್ತೆ ಮಾಡೂದು ನನ್ನ ಕೈಲಿ ಆಗಾಂಗಿಲ್ಲ ತಮ್ಮಾ," ಎಂದರು ಗುರುಶಾಂತವ್ವ. ಪೇಪರನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡರು.

ಮಾರನೆಯ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುವಾಗ ಶಿವಲಿಂಗಪ್ಪ ಕೊಡ ಹೊತ್ತು ಓಣಿಗೆ ಹೋಗುವುದು ಕಂಡಿತು. ಕುತ್ತಿಗೆಗೆ ಟವೆಲು ಇರಲಿಲ್ಲ. ಪಾರ್ವತವ್ವನ ಬಾಗಿಲು ಮುಚ್ಚಿತ್ತು. ಅವನು ಕೊಡವನ್ನು ಹೊಸ್ತಿಲ ಹೊರಗಿಟ್ಟು ಸ್ವಲ್ಪ ಹೊತ್ತು ನಿಂತು ಹೋದ. ಸಂಜೆಯವರೆಗೂ ಅದನ್ನು ಯಾರೂ ಒಳಗೆ ತೆಗೆದುಕೊಳ್ಳಲಿಲ್ಲ.

ಅದರ ಮರುದಿನವೂ ಅವನು ನೀರು ತಂದ.